ಗೇಣುದ್ದದ ಟ್ಯಾಂಕಿನ ತುಕ್ಕು

ನಮ್ಮ ಮನೆಯ ಶೋಕೇಸಿನಲ್ಲಿ ನಾನು ಒರೆಸದೆ ಬಿಡುವ ವಸ್ತು ಒಂದೇ. ಪಿಂಗಾಣಿ ಕಪ್ಪುಗಳನ್ನು ಒರೆಸುತ್ತೇನೆ, ಮದುವೆಯ ಫೋಟೋ ಒರೆಸುತ್ತೇನೆ, ಕತ್ತು ಮುರಿದು ಅಂಟು ಹಾಕಿಸಿಕೊಂಡಿರುವ ಗಾಜಿನ ಹಂಸವನ್ನೂ ಒರೆಸುತ್ತೇನೆ. ಇವುಗಳ ನಡುವೆ ಒಂದು ಗೇಣುದ್ದದ ಯುದ್ಧದ ಟ್ಯಾಂಕ್ ಕೂತಿದೆ. ಅದರ ಮೈತುಂಬ ತುಕ್ಕು, ಒಣಗಿದ ಕೆಸರು, ಎಣ್ಣೆಯ ಜಿಡ್ಡು. ಅದರ ಹತ್ತಿರ ಬಂದಾಗ ಮಾತ್ರ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎರಡು ನಿಮಿಷ ನಿಂತು ನೋಡಿ ಮುಂದೆ ಹೋಗುತ್ತೇನೆ. ಮನೆಗೆ ಬಂದವರು "ಟೀಚರೇ, ಇದೊಂದನ್ನು ಕ್ಲೀನ್ ಮಾಡಲು ಮರೆತಿದ್ದೀರಿ" ಎಂದು ಬೆರಳು ತೋರಿಸಿದರೆ ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಮರೆತದ್ದಲ್ಲ ಮಾರಾಯ್ರೇ, ಅದು ಪ್ಲಾಸ್ಟಿಕ್ಕು! ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದುಂಟೇ? ಹಿಡಿಸಿದವರು ನನ್ನ ಗಂಡ. ಅದರಲ್ಲಿ ನನ್ನದೂ ಒಂದು ಪಾಲಿದೆ, ಅದನ್ನು ಹೇಳದೆ ನಾನು ಬಿಡುವವಳಲ್ಲ.

ಬಂದ್ಯೋಡಿನಲ್ಲಿ ಸಂಸಾರ ಮಾಡುವವರಿಗೆ ತುಕ್ಕಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಮನೆಯಿಂದ ಸಮುದ್ರ ಕಾಣುವುದಿಲ್ಲ, ಆದರೆ ಅದರ ಗಾಳಿ ದಿನವೂ ತಪ್ಪದೆ ಬಂದು ಕಿಟಕಿಯ ಸರಳು, ಬಾವಿಯ ರಾಟೆ, ಗೇಟಿನ ಕೊಂಡಿ, ಅಡುಗೆಮನೆಯ ಮೆಟ್ಟುಕತ್ತಿ ಎಲ್ಲವನ್ನೂ ಒಮ್ಮೆ ನೆಕ್ಕಿ ಹೋಗುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಾಂಯ್ ಕಲಿಸಿದ ಮೊದಲ ಕೆಲಸ ಅಡುಗೆಯಲ್ಲ, ಶನಿವಾರ ಸಂಜೆ ಮನೆಯ ಕಬ್ಬಿಣಕ್ಕೆಲ್ಲ ತೆಂಗಿನೆಣ್ಣೆ ಸವರುವುದು. ಮಾಂಯ್ ಎಂದರೆ ನನ್ನ ಅತ್ತೆ, ಕೊಂಕಣಿಯಲ್ಲಿ ನಾವು ಹಾಗೆ ಕರೆಯುವುದು. ಹೊಸತರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನಾನೂ ಗೇಟಿಗೆ ಎಣ್ಣೆ ಹಚ್ಚಿ ಹಚ್ಚಿ, ಬಂದವರ ಕೈಯೆಲ್ಲ ಜಾರುವಂತೆ ಮಾಡಿದ್ದೆ. ಮಾಂಯ್ ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ ಸಮ. ತುಕ್ಕು ಕಂಡರೆ ಅವರಿಗೆ ಮನೆಗೆ ಕಳ್ಳ ಹೊಕ್ಕಷ್ಟು ಸಿಟ್ಟು.

ನಮ್ಮವರದ್ದು ಹೈವೇ ಬದಿಯಲ್ಲಿ ಟಿಂಕರಿಂಗ್ ಮತ್ತು ಪೈಂಟಿಂಗಿನ ವರ್ಕ್‌ಶಾಪ್. ಮುಖ ಜಜ್ಜಿಕೊಂಡು ಬಂದ ಜೀಪು ಹತ್ತು ದಿನ ಅವರಲ್ಲಿ ಉಳಿದು ಮದುಮಗನ ಹಾಗೆ ಹೊರಡುತ್ತದೆ. ಗುಳಿ ಬಿದ್ದಲ್ಲಿ ಬೆರಳಾಡಿಸಿದರೆ ಗುಳಿ ಎಲ್ಲಿತ್ತೆಂದು ಇಟ್ಟ ದೇವರಿಗೂ ತಿಳಿಯಬಾರದು, ಅದು ಅವರ ಹಟ. ಬಿಡುವಿದ್ದಾಗ ತಗಡು ಕತ್ತರಿಸಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬಸ್ಸು, ಲಾರಿಗಳನ್ನೂ ಮಾಡುತ್ತಿದ್ದರು. ಅವೂ ಹಾಗೆಯೇ, ಮುಖ ನೋಡಿಕೊಳ್ಳುವಷ್ಟು ಹೊಳಪು.

ಟ್ಯಾಂಕ್ ಬಂದದ್ದು ಕುವೈಟಿನಿಂದ, ಅದೂ ಯುದ್ಧದ ವರ್ಷ. ಮೈದುನ ವಿಲ್ಲಿ ಅಲ್ಲಿ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ. ಎರಡು ತಿಂಗಳು ಅವನ ಸುದ್ದಿಯೇ ಇರಲಿಲ್ಲ. ಮಾಂಯ್ ರೇಡಿಯೋದ ಪಕ್ಕದಲ್ಲೇ ಕೂತು ತೇರ್ಸು ಮಾಡುತ್ತಿದ್ದರು, ಬೆರಳಿನಿಂದ ಜಪಮಣಿ ಇಳಿಯುತ್ತಿರಲಿಲ್ಲ. ಕೊನೆಗೆ ಬಸ್ಸು, ಮರಳುಗಾಡಿನ ಡೇರೆ, ವಿಮಾನ, ಮತ್ತೆ ಬೊಂಬಾಯಿಯಿಂದ ಬಸ್ಸು ಎಂದು ಸುತ್ತಿ ಸುತ್ತಿ ಒಂದು ಬೆಳಗ್ಗೆ ಬಂದ್ಯೋಡಿನಲ್ಲಿ ಇಳಿದ. ಕೈಯಲ್ಲಿ ಒಂದೇ ಬ್ಯಾಗು. ಮಾಂಯ್ ಅದನ್ನು ಬಿಚ್ಚಿದರು. ಮೇಲೆ ಎರಡು ಅಂಗಿ, ನಡುವೆ ಸರ್ಟಿಫಿಕೇಟುಗಳು, ಅಡಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಬಣ್ಣಬಣ್ಣದ ಟ್ಯಾಂಕಿನ ಚಿತ್ರ, ಒಳಗೆ ನಾವೇ ಜೋಡಿಸಬೇಕಾದ ಪ್ಲಾಸ್ಟಿಕ್ ತುಂಡುಗಳು. ರಜೆಗೆ ಬರುವಾಗ ಅಣ್ಣನಿಗೆ ಕೊಡಲೆಂದು ಬಹಳ ಮೊದಲೇ ಕೊಂಡು ಬ್ಯಾಗಿನ ತಳದಲ್ಲಿಟ್ಟಿದ್ದನಂತೆ. ಓಡುವ ಗಡಿಬಿಡಿಯಲ್ಲಿ ಅದರ ಮೇಲೆಯೇ ಅಂಗಿ ತುರುಕಿದ್ದ. ಟ್ಯಾಂಕುಗಳು ನುಗ್ಗಿದ ಊರಿನಿಂದ ಎಲ್ಲವನ್ನೂ ಬಿಟ್ಟು ಓಡಿಬಂದವನು ಉಳಿಸಿ ತಂದದ್ದು ಒಂದು ಟ್ಯಾಂಕ್! ನನಗೆ ನಗು ಬಂತು. ವಿಲ್ಲಿಯ ಮುಖ ನೋಡಿ ನಗು ಅಲ್ಲಿಯೇ ಇಂಗಿತು.

ಅವನ ಬಿಲ್ಡಿಂಗಿನ ಎದುರಿಗೇ ಒಂದು ಟ್ಯಾಂಕ್ ಬಂದು ಹನ್ನೊಂದು ದಿನ ನಿಂತಿತ್ತಂತೆ. ಇದನ್ನು ಅವನು ಹೇಳಿದ್ದು ಒಂದೇ ಸಲ. ಆಮೇಲೆ ಆ ವಿಷಯ ಮಾತ್ರವಲ್ಲ, ಬೇರೆ ಮಾತೂ ಕಡಿಮೆಯಾಯಿತು. ಹೈವೇಯಲ್ಲಿ ದೊಡ್ಡ ಲಾರಿ ಗೇರು ಬದಲಿಸಿದರೆ ಊಟದ ಬಟ್ಟಲಿನಿಂದ ಕೈ ತೆಗೆಯುತ್ತಿದ್ದ.

ಮಾಂಯ್ ಪೆಟ್ಟಿಗೆಯನ್ನು ನಮ್ಮವರ ಕೈಗೆ ಕೊಟ್ಟು, "ರೇಮು, ಇದು ಈ ಮನೆಯೊಳಗೆ ಇರಬಾರದು. ನನ್ನ ಮಗನನ್ನು ಹೆದರಿಸಿದ್ದಕ್ಕೆ ನನ್ನ ಮನೆಯಲ್ಲಿ ಎಂತದ ಜಾಗ?" ಅಂದರು. ಹೇಳಿದ್ದು ಕೊಂಕಣಿಯಲ್ಲಿ. ನಾನು ಕನ್ನಡಕ್ಕೆ ತರುವಾಗ ಬಿಸಿ ಸ್ವಲ್ಪ ಆರಿದೆ, ಕ್ಷಮಿಸಬೇಕು. ನಮ್ಮವರಿಗೆ ಒಳಗೊಳಗೇ ನೋವಾಯಿತು. ತಮ್ಮ ಅಷ್ಟು ದೂರದಿಂದ, ಅರಿವಿಲ್ಲದೆಯೇ ಆಗಲಿ, ಹೊತ್ತು ತಂದದ್ದು. ಅದಕ್ಕೆ ಮನೆಯೊಳಗೆ ಒಂದು ಗೇಣು ಜಾಗ ಸಿಗಬೇಕು, ತಮ್ಮ ಅದನ್ನು ಹೆದರದೆ ನೋಡಬೇಕು. ಅವರು ಆ ಟ್ಯಾಂಕಿನ ಹಿಂದೆ ಬಿದ್ದದ್ದು ಇಷ್ಟಕ್ಕೇ. ಪೆಟ್ಟಿಗೆ ವರ್ಕ್‌ಶಾಪಿಗೆ ಹೋಯಿತು.

ಅಲ್ಲಿ ಅವರು ಮಾಡಿದ ಮೊದಲ ಕೆಲಸ ಒಬ್ಬ ಟಿಂಕರ್ ಮಾತ್ರ ಮಾಡಬಹುದಾದ ತಪ್ಪು. ತುಂಡುಗಳನ್ನು ಜೋಡಿಸಿ ನೋಡುತ್ತಾರೆ, ಟ್ಯಾಂಕಿನ ತಲೆಯೆಲ್ಲ ತರಿತರಿ. ತಗಡು ಸೇರುವಲ್ಲಿ ವೆಲ್ಡಿಂಗಿನ ಗಂಟುಗಂಟು ಗೆರೆ. "ಹೊರದೇಶದ ಕಂಪೆನಿ ಅಂತೆ, ಫಿನಿಶಿಂಗ್ ನೋಡು ಹೇಗುಂಟು!" ಎಂದು ಬೈದುಕೊಂಡು ಎರಡು ದಿನ ಕೂತು, ಸಂದುಗಳಿಗೆ ಪುಟ್ಟಿ ತುಂಬಿ, ನೀರು ಹಾಕಿ ಮರಳುಕಾಗದದಿಂದ ಉಜ್ಜಿ, ಎಲ್ಲವನ್ನೂ ಕೋಳಿಮೊಟ್ಟೆಯ ಹಾಗೆ ನುಣ್ಣಗೆ ಮಾಡಿದರು. ಆಮೇಲೆ ಪೆಟ್ಟಿಗೆಯ ಚಿತ್ರವನ್ನು ಕನ್ನಡಕ ಹಾಕಿ ನೋಡುವಾಗ ಗೊತ್ತಾಯಿತು, ಆ ತರಿ, ಆ ಗಂಟು ಎಲ್ಲ ಬೇಕೆಂದೇ ಮಾಡಿದ್ದು, ನಿಜವಾದ ಟ್ಯಾಂಕಿಗೆ ಇರುವುದೇ ಹಾಗೆ. ಯಾರೋ ಒಬ್ಬ ಕುಶಲಕರ್ಮಿ ತಿಂಗಳುಗಟ್ಟಲೆ ಕೊರೆದದ್ದನ್ನು ನಮ್ಮವರು ಎರಡು ದಿನದಲ್ಲಿ ರಿಪೇರಿ ಮಾಡಿಬಿಟ್ಟಿದ್ದರು. ಮತ್ತೆ ಪುಟ್ಟಿಯನ್ನು ಎಳ್ಳಿನಷ್ಟು ಎಳ್ಳಿನಷ್ಟೇ ತೆಗೆದು, ಸೂಜಿಯ ಮೊನೆಯಿಂದ ಒತ್ತಿ ಒತ್ತಿ ವೆಲ್ಡಿಂಗಿನ ಗೆರೆ ಎಳೆದರು. ಈಗ ಇರುವುದು ಕಂಪೆನಿಯದ್ದಲ್ಲ, ಬಂದ್ಯೋಡಿನ ವೆಲ್ಡಿಂಗ್. ಅದನ್ನು ತೋರಿಸುವಾಗ ನಾನು ತಪ್ಪಿನ ಕಥೆಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಕಾರಿನ ತಿನ್ನರ್ ತಾಗಿದರೆ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಮುರುಟುತ್ತದೆ ಎಂಬುದನ್ನು ಒಂದು ಮಡ್‌ಗಾರ್ಡಿನ ಮೂಲೆ ಕೊಟ್ಟು ಕಲಿತ ಮೇಲೆ, ಕಿಟಕಿಗೆ ಬಳಿಯುವ ಎಣ್ಣೆಬಣ್ಣಕ್ಕೆ ಇಳಿದರು. ಹಸಿರಿಗೆ ಕಂದು ಬೆರೆಸಿ ಎರಡು ಕೋಟು. ಹೊಳಪೆಂದರೆ ಹೊಳಪು. ಒಂದು ಆದಿತ್ಯವಾರ ಅದನ್ನು ಹಿಂದಿನ ಜಗಲಿಗೆ ತಂದು ವಿಲ್ಲಿಗೆ ತೋರಿಸಿದರು. ಜಗಲಿ ಮನೆಯೊಳಗಲ್ಲ ಎಂದು ಅವರ ಲೆಕ್ಕ. ವಿಲ್ಲಿ ನೋಡಿದ. "ಚಂದ ಆಗಿದೆ" ಅಂದ. ಅಂದವನು ಚಹಾ ಕುಡಿಯದೆ ಎದ್ದು ಹೋದ.

ನಮ್ಮವರು ಅದನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೊನೆಗೆ ಅವರೇ ಹೇಳಿದರು: "ತಪ್ಪು ನನ್ನದು ಮಾರಾಯ್ತಿ. ನಾನು ಇದನ್ನು ಈಗಷ್ಟೇ ಹೊರಡುವ ಹಾಗೆ ಮಾಡಿದ್ದೇನೆ." ಅದರ ಹೊಳಪಿನ ಮೇಲೆ ಬೆರಳಾಡಿಸಿ, "ಇದು ನಿಂತುಹೋದದ್ದು ಎಂದು ಗೊತ್ತಾಗಬೇಕು," ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯಲ್ಲಿ ತುಕ್ಕಿನ ವಿದ್ಯಾಭ್ಯಾಸ. ಇಪ್ಪತ್ತು ವರ್ಷ ತುಕ್ಕು ತೆಗೆದ ಕೈಗೆ ತುಕ್ಕು ಹಚ್ಚಲು ಬರುವುದಿಲ್ಲ. ಮೊದಲ ಸಲ ಅವರು ಹಚ್ಚಿದ್ದು ತುಕ್ಕಲ್ಲ, ಕಂದು ಬಣ್ಣದ ಚುಕ್ಕಿಗಳು. ಟ್ಯಾಂಕಿಗೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು ಬಚ್ಚಲುಮನೆಯ ಕಿಟಕಿಯ ಹತ್ತಿರ ಕರೆದುಕೊಂಡು ಹೋದೆ. ತುಕ್ಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ; ನೀರು ನಿಲ್ಲುವಲ್ಲಿ ಹುಟ್ಟುತ್ತದೆ, ನೀರು ಹರಿಯುವ ದಾರಿಯಲ್ಲಿ ಇಳಿಯುತ್ತದೆ. ಮೊಳೆಯ ಬುಡದಲ್ಲಿ ಕಪ್ಪಾಗಿರುತ್ತದೆ, ಕೆಳಗೆ ಬಂದಂತೆ ಕೆಂಪು, ಇನ್ನೂ ಕೆಳಗೆ ಕಾಷಾಯ, ಕೊನೆಗೆ ಗೋಡೆಯಲ್ಲಿ ಬರೀ ಅರಿಸಿನದ ನೀರಿನಷ್ಟು. ಹದಿನೈದು ವರ್ಷ ಆ ಕಲೆಗಳನ್ನು ತಿಕ್ಕಿದವಳಿಗೆ ಅವುಗಳ ಜಾತಕವೇ ಗೊತ್ತು. ಅವರು ಕಿಟಕಿಯ ಎದುರು ಸ್ಟೂಲ್ ಹಾಕಿ ಕೂತು, ಒಂದು ಗಂಟೆ ನೋಡಿದರು. ಈಗ ಟ್ಯಾಂಕಿನ ಎಡಬದಿಯಲ್ಲಿ, ಎರಡನೆಯ ಬೋಲ್ಟಿನಿಂದ ಇಳಿದ ಒಂದು ಕಲೆ ಇದೆಯಲ್ಲ, ಅದು ಸಾಕ್ಷಾತ್ ನಮ್ಮ ಬಚ್ಚಲುಮನೆಯ ಕಿಟಕಿಯದ್ದು. ಅದು ನನ್ನದು.

ಇನ್ನೊಂದು ನನ್ನದೇ, ಆದರೆ ಅದನ್ನು ನಾನು ಬುದ್ಧಿಯಿಂದ ಕೊಟ್ಟದ್ದಲ್ಲ, ಸಿಟ್ಟಿನಿಂದ ಕೊಟ್ಟದ್ದು. ಹಳೆಯ ಬಣ್ಣ ಚಕ್ಕೆ ಎದ್ದು ಒಳಗಿನ ತುಕ್ಕು ಕಾಣುವುದು ಹೇಗೆ ಎಂದು ಅವರು ಊಟಕ್ಕೆ ಕೂತಾಗಲೂ, ಇಗರ್ಜಿಯ ಪೂಜೆಗೆ ಹೊರಟಾಗಲೂ ಕೇಳುತ್ತಿದ್ದರು. ಮೀನು ಹುರಿಯುತ್ತಿದ್ದ ನಾನು, "ಇಲ್ಲಿ ಎಲ್ಲವನ್ನೂ ತಿನ್ನುವುದು ಉಪ್ಪಲ್ಲವಾ? ಹೋಗಿ ಉಪ್ಪಿನ ಹತ್ತಿರ ಕೇಳಿ" ಅಂದೆ. ಗಂಡಸರು ಹೆಂಡತಿಯ ಮಾತು ಕೇಳುವುದಿಲ್ಲ ಎಂದು ಯಾರು ಹೇಳಿದ್ದು? ಮರುದಿನ ನನ್ನ ಉಪ್ಪಿನ ಭರಣಿ ಮಾಯ. ಟ್ಯಾಂಕಿಗೆ ಮೊದಲು ತುಕ್ಕಿನ ಬಣ್ಣ ಬಳಿದು ಒಣಗಿಸಿ, ನೀರು ಚಿಮುಕಿಸಿ, ಕಲ್ಲುಪ್ಪನ್ನು ಅರೆಬರೆ ಕುಟ್ಟಿ ಅಲ್ಲಲ್ಲಿ ಉದುರಿಸಿ, ಅದು ಅಂಟಿ ಒಣಗಿದ ಮೇಲೆ ಹಸಿರು ಬಣ್ಣ ಕೊಟ್ಟು, ಎರಡು ದಿನ ಬಿಟ್ಟು ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದರು. ಉಪ್ಪು ಉದುರಿತು, ಅದರ ಮೇಲಿದ್ದ ಹಸಿರೂ ಉದುರಿತು, ಅಡಿಯ ತುಕ್ಕು ಹರಕು ಹರಕಾಗಿ ಮೇಲೆ ಬಂತು. ಯಾವ ಕೈಯೂ ಬರೆದದ್ದೆಂದು ಅನಿಸದ ಆಕಾರಗಳು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಓಡಿ ಬಂದರು. ಭರಣಿ ಮಾಯವಾದ ದಿನ ನಮ್ಮ ಮೀನಿಗೆ ಉಪ್ಪಿರಲಿಲ್ಲ. ಯಾರೂ ಗಮನಿಸಲಿಲ್ಲ, ಮಾಂಯಿಯೊಬ್ಬರನ್ನು ಬಿಟ್ಟು.

ಮತ್ತೆ ಕರಿಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತಿಳಿಸಾರಿನಷ್ಟು ತೆಳು ಮಾಡಿ ಸಂದಿಗೊಂದಿಗೆ ಇಳಿಸಿದರು. ಬ್ರಶ್ಶಿನ ಬಣ್ಣವನ್ನೆಲ್ಲ ಹಳೆ ಬನಿಯನ್ನಿಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಎನ್ನುವಾಗ ಅಂಚುಗಳ ಮೇಲೆ ಸವರಿದರು. ಆ ಏನೂ ಇಲ್ಲದ್ದೇ ಅಂಚನ್ನು ಸವೆದ ಕಬ್ಬಿಣ ಮಾಡಿತು. ವರ್ಕ್‌ಶಾಪಿನ ಒಂದು ಜೀಪಿನಿಂದ ಕೆರೆದ ನಿಜವಾದ ತುಕ್ಕನ್ನು ನನ್ನ ವೇಲಿನಲ್ಲಿ ಸೋಸಿ ಚಕ್ರಗಳ ನಡುವೆ ಉದುರಿಸಿದರು. ವೇಲ್ ಎಂದರೆ ಪೂಜೆಗೆ ಹೋಗುವಾಗ ತಲೆಗೆ ಹಾಕುವ ತೆಳು ಬಟ್ಟೆ. ಅದನ್ನು ಕೇಳದೆ ತೆಗೆದದ್ದಕ್ಕೆ ಆದ ಜಗಳವನ್ನು ಇಲ್ಲಿ ಬರೆಯುವುದಿಲ್ಲ. ಮುರುಟಿದ ಮಡ್‌ಗಾರ್ಡಿನ ಮೂಲೆ ಈಗ ಎಲ್ಲಿಗೋ ಗುದ್ದಿಕೊಂಡ ಗಾಯದ ಹಾಗೆ ಕಾಣುತ್ತಿತ್ತು. ಅದಕ್ಕೆ ಅವರು ಪುಟ್ಟಿ ಹಾಕಲಿಲ್ಲ. ಒಬ್ಬ ಟಿಂಕರ್ ಗುಳಿಯೊಂದನ್ನು ನೋಡಿಯೂ ಸುಮ್ಮನಿರುವುದೆಂದರೆ ಸಣ್ಣ ತಪಸ್ಸಲ್ಲ. ನನಗೆ ನನ್ನ ಗಂಡನ ಮೇಲೆ ಅಷ್ಟು ಹೆಮ್ಮೆ ಮೊದಲೆಂದೂ ಆಗಿರಲಿಲ್ಲ.

ಹೆಮ್ಮೆ ಎಂಬುದು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. ಎಡನೀರಿನಲ್ಲಿ ಕನ್ನಡ ಅಧ್ಯಾಪಕರ ಕೂಟವೊಂದಕ್ಕೆ ಹೋದವಳು ಊಟದ ಪಂಕ್ತಿಯಲ್ಲಿ ಪಕ್ಕದ ಹಿರಿಯ ಮೇಷ್ಟ್ರಿಗೆ ನಮ್ಮ ತುಕ್ಕನ್ನು ವರ್ಣಿಸತೊಡಗಿದೆ. ಅಂಚು ಹೇಗೆ ಸವೆದಿದೆ, ಕಲೆ ಹೇಗೆ ಇಳಿದಿದೆ, ಕೆಂಪು ಎಲ್ಲಿ ಕಾಷಾಯವಾಗುತ್ತದೆ. ಅವರು ಸಾರು ಮುಗಿಯುವವರೆಗೆ ಗಂಭೀರವಾಗಿ ಕೇಳಿ, "ಸ್ವಲ್ಪ ಸೀಮೆಎಣ್ಣೆ ಹಾಕಿ ನೋಡಿ ಟೀಚರ್, ಹೋಗದೆ ಎಲ್ಲಿಗೆ ಹೋಗ್ತದೆ?" ಎಂದು ಸಮಾಧಾನ ಹೇಳಿದರು.

ಹಿಂದೆ ಬರುವಾಗ ಬಸ್ಸು ಕುಂಬಳೆ ದಾಟಿ ಹಳೆಯ ಕೋಟೆಯ ಪಕ್ಕದಲ್ಲಿ ಬಂತು. ಕಟ್ಟಿಸಿದ ಅರಸನ ಕಾಲದಲ್ಲಿ ಆ ಗೋಡೆ ಹೇಗಿದ್ದಿರಬಹುದು? ಚೊಕ್ಕವಾಗಿ, ನೆಟ್ಟಗೆ, ನೋಡಿದವರ ಎದೆ ಝಲ್ಲೆನ್ನುವ ಹಾಗೆ. ಈಗ ಕೆಂಪು ಕಲ್ಲಿಗೆ ಕಪ್ಪು ಹಾವಸೆ, ಸಂದಿಯಲ್ಲಿ ಹುಲ್ಲು, ಹುಲ್ಲಿಗೆ ಆಡು. ಕೋಟೆಗಳೆಲ್ಲ ನಮಗೆ ಚಂದ ಕಾಣುವುದು ಅವುಗಳಿಂದ ಯಾರಿಗೂ ಹೆದರಿಕೆ ಇಲ್ಲದಾದ ಮೇಲೆ. ನಮ್ಮವರು ಉಪ್ಪು, ಟೂತ್‌ಬ್ರಶ್ಶು ಹಿಡಿದು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ ಎಂದು ನನಗೆ ಹೊಳೆಯಿತು. ಮನೆಗೆ ಹೋಗಿ ಹೇಳಿದೆ. "ಹಾಗಾದರೆ ಹುಲ್ಲು ಬೇಕು" ಅಂದರು.

ಹುಲ್ಲು ಸಿಕ್ಕಿದ್ದು ಕ್ರಿಸ್ಮಸ್ಸಿನಲ್ಲಿ. ನಮ್ಮಲ್ಲಿ ಯೇಸುವಿನ ಹುಟ್ಟಿನ ಗೋದಲಿ ಕಟ್ಟುವಾಗ, ಎರಡು ವಾರ ಮೊದಲೇ ತೆಂಗಿನ ಗೆರಟೆಗಳಲ್ಲಿ ಭತ್ತ, ರಾಗಿ ಬಿತ್ತಿ ಮೊಳಕೆ ಬರಿಸುತ್ತಾರೆ. ಆ ಎಳೆ ಹಸಿರೇ ಬೆತ್ಲೆಹೇಮಿನ ಗದ್ದೆ. ಬಿತ್ತುವ ಅಧಿಕಾರ ಮಾಂಯಿಯದ್ದು, ಬೇರೆ ಯಾರೂ ಕೈ ಹಾಕುವಂತಿಲ್ಲ. ಆ ವರ್ಷ ಮಾಂಯ್ ಮುಂದಿನ ಕೋಣೆಯಲ್ಲಿ ಗೆರಟೆಗಳನ್ನು ಸಾಲಾಗಿಟ್ಟು ಕೂತಿದ್ದಾಗ ನಮ್ಮವರು ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದು ಹೊಸಿಲ ಹೊರಗೆ ನಿಂತರು. ಒಳಗೆ ಕಾಲಿಡಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ. ವಿಲ್ಲಿ ಮೂಲೆಯಲ್ಲಿ ಕೂತು ನಕ್ಷತ್ರಕ್ಕೆ ಕಾಗದ ಅಂಟಿಸುತ್ತಿದ್ದ.

ಮಾಂಯ್ ತಲೆಯೆತ್ತಿ ನೋಡಿದರು. ಅಭ್ಯಾಸಬಲ, ಅವರು ಮೊದಲು ಕಂಡದ್ದು ಟ್ಯಾಂಕನ್ನಲ್ಲ, ತುಕ್ಕನ್ನು.

"ಅಯ್ಯೋ ದೇವಾ, ಎಷ್ಟು ತುಕ್ಕು ಹಿಡಿಸಿದ್ದೀಯ! ಎಣ್ಣೆ ಹಾಕಲಿಲ್ಲವಾ ಇದಕ್ಕೆ?" ಅಂದವರು, ಆಮೇಲೆ ಅದು ಎಂತ ಎಂದು ಅರ್ಥವಾಗಿ ಕೈಯಲ್ಲಿದ್ದ ಗೆರಟೆಯನ್ನು ಕೆಳಗಿಟ್ಟರು. ನಮ್ಮವರು ಹೊಸಿಲ ಆಚೆಯಿಂದಲೇ, "ಗೋದಲಿಯಲ್ಲಿ, ಒಂದು ಮೂಲೆಯಲ್ಲಿ" ಎಂದರು. ಬಾಲ ಯೇಸುವಿನ ಹತ್ತಿರ ತೋಪನ್ನು ಇಡಲು ಕೇಳುವ ಮಗನಿಗೆ ಏನು ಹೇಳುವುದು?

ಮಾತಾಡಿದ್ದು ವಿಲ್ಲಿ. ಎದ್ದು ಬಂದು, ಅಣ್ಣನ ಕೈಯಿಂದ ಅದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದ. "ಇದರ ಮುಚ್ಚಳ ತೆರೆದಿಡಬೇಕು ಅಣ್ಣ," ಅಂದ. "ಮುಚ್ಚಿದ್ದರೆ ಒಳಗೆ ಯಾರಾದರೂ ಇದ್ದಾರಾ ಎಂತ ಎಂದು ಗೊತ್ತಾಗುವುದಿಲ್ಲ. ಹನ್ನೊಂದು ದಿನ ನಾನು ಅದನ್ನೇ ನೋಡ್ತಾ ಇದ್ದದ್ದು, ಮುಚ್ಚಳ."

ನಮ್ಮವರು ಅಂಟು ಹಾಕಿದ್ದ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿದರು. ಒಳಗೆ ಖಾಲಿ. ಮಾಂಯ್ ಟ್ಯಾಂಕನ್ನು ಮಡಿಲಿಗೆ ತೆಗೆದುಕೊಂಡು ಬಗ್ಗಿ ನೋಡಿ, "ಇದು ಇನ್ನು ಓಡುವುದಿಲ್ಲವಲ್ಲ?" ಎಂದು ಕೇಳಿದರು. "ಇಲ್ಲ ಅಮ್ಮಾ, ಇನ್ನು ಯಾವತ್ತೂ ಇಲ್ಲ" ಎಂದ ವಿಲ್ಲಿ. ಮಾಂಯ್ ಒಂದು ಚಿಟಿಕೆ ಮಣ್ಣನ್ನು ಆ ಸಣ್ಣ ಬಾಯಿಯೊಳಗೆ ತುಂಬಿ, ಮೇಲೆ ನಾಲ್ಕು ಕಾಳು ರಾಗಿ ಉದುರಿಸಿ, ಬೆರಳು ಅದ್ದಿ ನೀರು ಚಿಮುಕಿಸಿದರು.

ಕ್ರಿಸ್ಮಸ್ಸಿನ ಹೊತ್ತಿಗೆ ಟ್ಯಾಂಕಿನ ತಲೆಯಲ್ಲಿ ಎರಡು ಇಂಚು ಹಸಿರು. ನಳಿಗೆಯ ನೆರಳಲ್ಲಿ ಒಂದು ಮಣ್ಣಿನ ಕುರಿ. ಇಗರ್ಜಿಯ ಗೋದಲಿ ಸ್ಪರ್ಧೆಗೆಂದು ಮನೆಮನೆ ನೋಡುತ್ತಾ ಬಂದ ಫಾದರ್, "ಈ ಹಳೆ ಕಬ್ಬಿಣ ಎಲ್ಲಿ ಸಿಕ್ಕಿತು?" ಎಂದು ಕೇಳುತ್ತಾ, ಕಾಲೂರಿ, ಬಲಗೈಗೆ ಎಡಗೈ ಆಸರೆ ಕೊಟ್ಟು ಎತ್ತಿದರು. ಅಷ್ಟು ಬಲ ಹಾಕಿ ಎತ್ತಿದ್ದಕ್ಕೆ ಅದು ಗಾಳಿಪಟದ ಹಾಗೆ ಅವರ ಗಲ್ಲದವರೆಗೆ ಹಾರಿ ಬಂತು. ರಾಗಿ ಸ್ವಲ್ಪ ಅವರ ನಿಲುವಂಗಿಯ ಮೇಲೆ ಬಿತ್ತು. ಬಹುಮಾನ ಯಾವುದೋ ಬೇರೆ ಮನೆಗೆ ಹೋಯಿತು, ಅವರು ಕಾರಂಜಿ ಮಾಡಿದ್ದರು. ಹೋಗಲಿ. ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಎರಡೂ ಕೈ ಹಾಕಿ ಎತ್ತುವಷ್ಟು ಭಾರವಿತ್ತು ನಮ್ಮವರ ಬಣ್ಣಕ್ಕೆ. ಅದಕ್ಕಿಂತ ದೊಡ್ಡ ಬಹುಮಾನವನ್ನು ಯಾವ ಕಾರಂಜಿಗೂ ಕೊಡಲು ಸಾಧ್ಯವಿಲ್ಲ.

ಗೋದಲಿ ಬಿಚ್ಚಿದ ಮೇಲೆ ಟ್ಯಾಂಕನ್ನು ಶೋಕೇಸಿನಲ್ಲಿಟ್ಟವರು ಮಾಂಯಿಯೇ. ವಿಲ್ಲಿ ಈಗ ಕುಂಬಳೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ಮಾತು ಮೊದಲಿಗಿಂತಲೂ ಜಾಸ್ತಿ. ನಾನು ಬಂದವರಿಗೆಲ್ಲ ತುಕ್ಕು ತೋರಿಸುತ್ತಾ, ಎರಡನೆಯ ಬೋಲ್ಟಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾ, ಸುಖವಾಗಿದ್ದೆ.

ಕಳೆದ ವರ್ಷ ಟೀವಿಯಲ್ಲಿ ಮತ್ತೆ ಯುದ್ಧದ ಸುದ್ದಿ. ಈಗ ಎಂಬತ್ತು ದಾಟಿದ ಮಾಂಯ್ ಎರಡು ದಿನ ಕೂತು ನೋಡಿದರು. ಮೂರನೆಯ ಸಂಜೆ ಟೀವಿ ಆರಿಸಿ, ಶೋಕೇಸಿನ ಬಾಗಿಲು ತೆಗೆದು, ಟ್ಯಾಂಕನ್ನು ಕಣ್ಣಿನ ಹತ್ತಿರ ಹಿಡಿದರು. ಅಂದು ಶನಿವಾರ. ನಾನು ಎಣ್ಣೆಯ ಬಟ್ಟಲು ಹಿಡಿದು ಕಿಟಕಿಯ ಸರಳುಗಳ ಹತ್ತಿರ ಹೊರಟಿದ್ದೆ. ಮಾಂಯ್ ಬೆರಳಿನಿಂದ ಟ್ಯಾಂಕಿನ ಬೆನ್ನು ಸವರಿ ಸವರಿ ನೋಡಿ, ಹೊರಗೆ ಕೂತಿದ್ದ ಮಗನನ್ನು ಕೂಗಿದರು:

"ರೇಮು, ಇಲ್ಲಿ ಬಾ. ಇಲ್ಲಿ, ಈ ಬದಿಯಲ್ಲಿ ಇನ್ನೂ ಸ್ವಲ್ಪ ಹಸಿರು ಬಣ್ಣ ಉಂಟು. ಇದಕ್ಕೆ ತುಕ್ಕು ಸಾಲದು."

ನಮ್ಮವರು ಬ್ರಶ್ಶು ಹುಡುಕಲು ಹೋದರು. ನಾನು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, ಯಾರೂ ಕೇಳುವ ಮೊದಲೇ ಹೋಗಿ ಉಪ್ಪಿನ ಭರಣಿ ತಂದೆ.